ಯಾರು ಗೆಲ್ತಾರೆ ಬಿಡ್ರಿ, ನಮ್ಮ 131 ಎಲ್ಲಿಗೆ ಹೋಯ್ತು?

2024ರ ನವೆಂಬರ್‌ನಲ್ಲಿ ಅಮೆರಿಕದ ಚುನಾವಣೆ ನಡೆದಾಗ ನಾವೆಲ್ಲ ಫಸ್ಟ್ ಸೆಮ್‌ನಲ್ಲಿದ್ದೆವು. ಹಾಸ್ಟೆಲ್‌ನಲ್ಲಿ ಅರ್ಧ ಮಂದಿಗೆ 270 ಅನ್ನೋ ಸಂಖ್ಯೆ ಬಾಯಿಪಾಠ ಆಗಿತ್ತು. ಪೆನ್ಸಿಲ್ವೇನಿಯಾದ 19 ಮತ ಯಾರ ಕಡೆ, ಬೈಡನ್ ಇನ್ನೂ ಮೊದಲೇ ಹಿಂದೆ ಸರಿಯಬೇಕಿತ್ತಾ, ಹ್ಯಾರಿಸ್ ಬದಲು ಬೇರೆ ಯಾರಾದ್ರೂ ನಿಂತಿದ್ರೆ ಟ್ರಂಪ್‌ನ ಸೋಲಿಸಬಹುದಿತ್ತಾ ಅಂತ ಮೆಸ್‌ನಲ್ಲಿ ಅನ್ನ ಆರೋವರೆಗೂ ವಾದ. ತಪ್ಪೇನಿಲ್ಲ. ಆದ್ರೆ ಅದೇ ಮಂದೀನ ಹಿಡ್ಕೊಂಡು "131 ಅಂದ್ರೆ ಏನು?" ಅಂತ ಕೇಳಿ ನೋಡಿ. "ಬಸ್ ನಂಬರಾ?" ಅಂತಾರೆ.

131 ಅಂದ್ರೆ ನಮ್ಮ ಶಾಸಕರ ಮತದ ಬೆಲೆ. ಭಾರತದ ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಒಬ್ಬೊಬ್ಬ ಶಾಸಕರು ಹಾಕೋ ಒಂದು ಮತವನ್ನ 131 ಅಂತ ಎಣಿಸ್ತಾರೆ. ಆಳಂದದ ಶಾಸಕರದ್ದೂ 131, ಅಫಜಲಪುರದವರದ್ದೂ 131, ಜೇವರ್ಗಿಯವರದ್ದೂ 131, ಬೆಂಗಳೂರಿನ ಯಾವ ದೊಡ್ಡ ಕ್ಷೇತ್ರದವರದ್ದಾದ್ರೂ ಅಷ್ಟೇ. ಮುಖ್ಯಮಂತ್ರಿ ಅಂತ ಒಂದು ಜಾಸ್ತಿ ಇಲ್ಲ. ಆಳಂದ ತಾಲ್ಲೂಕಿನ ಮಟಕಿಯಂಥ ಊರಿನ ಮಂದಿಗೆ ದೇಶದ ಅತ್ಯುನ್ನತ ಹುದ್ದೆಗೆ ಯಾರು ಬರಬೇಕು ಅನ್ನೋದರಲ್ಲಿ ಪಾಲು ಇದೆ ಅಂದ್ರೆ, ಒಂದು ಈ 131ರ ಮೂಲಕ, ಇನ್ನೊಂದು ಲೋಕಸಭಾ ಸದಸ್ಯರ ಮೂಲಕ. (ಅದರಲ್ಲೂ ಒಂದು ತಮಾಷೆ ಇದೆ. ಅಫಜಲಪುರ, ಜೇವರ್ಗಿ ಎರಡೂ ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿವೆ, ಆಳಂದ ಮಾತ್ರ ಬೀದರ್ ಕ್ಷೇತ್ರಕ್ಕೆ ಹೋಗುತ್ತೆ. ಜಿಲ್ಲೆ ಒಂದು, ಎಂಪಿ ಇನ್ನೊಬ್ಬರು.)

ಈ 131 ಎಲ್ಲಿಂದ ಬಂತು ಅನ್ನೋದು ಇಂಜಿನಿಯರಿಂಗ್ ಓದೋರಿಗೆ ಒಂದೇ ಸಾಲಿನ ಲೆಕ್ಕ. 1971ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 2,92,99,014. ಅದನ್ನ 224 ಶಾಸಕರಿಗೆ ಭಾಗಿಸಿ, ಮತ್ತೆ 1000ದಿಂದ ಭಾಗಿಸಿ. 130.8 ಬರುತ್ತೆ, ರೌಂಡ್ ಮಾಡಿದ್ರೆ 131. ನಾವು ಹುಟ್ಟೋಕೆ ಮೂವತ್ತೈದು ವರ್ಷ ಮುಂಚಿನ ಜನಸಂಖ್ಯೆ ಇದು. ಕುಟುಂಬ ಯೋಜನೆ ಚೆನ್ನಾಗಿ ಮಾಡಿದ ರಾಜ್ಯಗಳಿಗೆ ಶಿಕ್ಷೆ ಆಗಬಾರದು ಅಂತ 1976ರಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಅಲ್ಲೇ ನಿಲ್ಲಿಸಿದರು, ಆಮೇಲೆ ಅದನ್ನ 2026ರವರೆಗೆ ಎಳೆದರು.

ಆಳಂದದಿಂದ ಗಡಿ ದಾಟಿ ಅಕ್ಕಲಕೋಟೆ ಕಡೆ ಹೋದ್ರೆ ಅಲ್ಲಿನ ಶಾಸಕರ ಮತಕ್ಕೆ 175. ಅದೇ ಬಿಸಿಲು, ಅದೇ ತೊಗರಿ, ಮನೆಯೊಳಗೆ ಬಹಳ ಕಡೆ ಅದೇ ಕನ್ನಡ. ಆದ್ರೂ 44 ಜಾಸ್ತಿ. ಅನ್ಯಾಯ ಅನ್ನಿಸಬಹುದು, ಆದ್ರೆ ಅಲ್ಲ. ಮಹಾರಾಷ್ಟ್ರದ ಒಬ್ಬ ಶಾಸಕರ ಹಿಂದೆ ಜಾಸ್ತಿ ಜನ ಇದ್ದಾರೆ ಅಂತ ಅಷ್ಟೇ ಅರ್ಥ. ತಲೆ ಲೆಕ್ಕದಲ್ಲಿ ಈ ಕಡೆಯವರಿಗೂ ಆ ಕಡೆಯವರಿಗೂ ಒಂದೇ ಬೆಲೆ: 1971ರ ಸಾವಿರ ಮಂದಿಗೆ ಒಂದು ಮತ. ಉತ್ತರ ಪ್ರದೇಶದ ಶಾಸಕರಿಗೆ 208, ಸಿಕ್ಕಿಂ ಶಾಸಕರಿಗೆ 7. ದೇಶದ ಎಲ್ಲ ಶಾಸಕರ ಮತ ಕೂಡಿಸಿ, ಎಂಪಿಗಳ ಸಂಖ್ಯೆಯಿಂದ ಭಾಗಿಸಿದ್ರೆ ಒಬ್ಬ ಎಂಪಿಯ ಮತದ ಬೆಲೆ. 2017ರಲ್ಲಿ ಅದು 708 ಇತ್ತು, 2022ರಲ್ಲಿ 700 ಆಯ್ತು. ಯಾಕಂದ್ರೆ ಜಮ್ಮು-ಕಾಶ್ಮೀರಕ್ಕೆ ಆಗ ವಿಧಾನಸಭೆಯೇ ಇರಲಿಲ್ಲ. ಒಂದು ವಿಧಾನಸಭೆ ಇಲ್ಲ ಅಂದ್ರೆ ನಮ್ಮ ಬೀದರ್ ಎಂಪಿಯ ಮತವೂ 8 ಕಡಿಮೆ. ಇಂಗ್ಲಿಷ್ ಮೀಡಿಯಂನ ನಮ್ಮ ಸಿವಿಕ್ಸ್ ಪುಸ್ತಕದಲ್ಲಿ ಇದಕ್ಕೆಲ್ಲ ಒಂದು ಪ್ಯಾರಾ ಕೊಟ್ಟು, 'ಇಂಡೈರೆಕ್ಟ್ ಎಲೆಕ್ಷನ್' ಅಂತ ಅಂಡರ್‌ಲೈನ್ ಮಾಡಿಸಿ ಮುಗಿಸಿದ್ದರು.

ಹೀಗೆ ಎಲ್ಲವೂ ಸಂಖ್ಯೆಯಲ್ಲೇ ಇದೆಯಲ್ಲ, ಹಾಗಾದ್ರೆ ಗೆಲ್ಲೋದು ಯಾರು ಅಂತ ಮೊದಲೇ ಹೇಳಬಹುದಲ್ಲ ಅಂತ ನೀವು ಕೇಳ್ತೀರಿ. ಹೇಳಬಹುದು. ಹೇಳ್ತಾರೆ ಕೂಡ. ಯಾವ ಪಕ್ಷಕ್ಕೆ ಎಷ್ಟು ಶಾಸಕರು, ಎಷ್ಟು ಎಂಪಿಗಳು ಅಂತ ಎಕ್ಸೆಲ್ ಶೀಟಿನಲ್ಲಿ ಹಾಕಿದ್ರೆ ಸಾಕು. ಅದಕ್ಕೇ ಇರಬೇಕು, ಈ ಚುನಾವಣೆ ಬಗ್ಗೆ ಮೆಸ್‌ನಲ್ಲಿ ಯಾರೂ ಜಗಳ ಆಡಲ್ಲ. ಆದ್ರೆ ಈ ಶೀಟಿನ ಒಂದು ಕಾಲಂ ಬಗ್ಗೆ ನಮಗೆ ತಕರಾರಿದೆ. ಶಾಸಕ ಅಂದ್ರೆ ಪಕ್ಷ, ಪಕ್ಷ ಅಂದ್ರೆ ಮತ ಅಂತ ಅದು ಹಿಡಿದುಬಿಡುತ್ತೆ. ಒಂದೇ ಒಂದು ಸಲ ಈ ಹಿಡಿತ ಪೂರ್ತಿ ತಪ್ಪಿತು. ಆ ಕಥೆ ಶುರುವಾದದ್ದು ನಮ್ಮ ಬೆಂಗಳೂರಿನ ಲಾಲ್‌ಬಾಗಿನಲ್ಲಿ.

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿಯಾಗಿ ಕುಳಿತರು. ಗಿರಿ ನಮಗೆ ಹೊಸಬರಲ್ಲ, 1965ರಿಂದ 67ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಕಾಂಗ್ರೆಸ್ಸಿನ ಅಧ್ಯಕ್ಷರು ಎಸ್. ನಿಜಲಿಂಗಪ್ಪ, ಒಂದು ವರ್ಷದ ಹಿಂದಷ್ಟೇ ನಮ್ಮ ಮುಖ್ಯಮಂತ್ರಿ ಆಗಿದ್ದವರು. ಪ್ರಧಾನಿ ಇಂದಿರಾ ಗಾಂಧಿ. ಇಬ್ಬರಿಗೂ ಸರಿಹೋಗ್ತಿರಲಿಲ್ಲ. ಜುಲೈನಲ್ಲಿ ಲಾಲ್‌ಬಾಗಿನ ಗ್ಲಾಸ್ ಹೌಸ್‌ನಲ್ಲಿ ಎಐಸಿಸಿ ಅಧಿವೇಶನ. ಅದೇ ಸಂದರ್ಭದಲ್ಲಿ ಬೆಂಗಳೂರಿನಲ್ಲೇ ಸೇರಿದ ಪಕ್ಷದ ಸಂಸದೀಯ ಮಂಡಳಿಯಲ್ಲಿ ಇಂದಿರಾ ಅವರು ಜಗಜೀವನ್ ರಾಮ್ ಹೆಸರು ಮುಂದಿಟ್ಟರು. ಮಂಡಳಿಯ ಬಹುಮತ ಅದನ್ನ ಒಪ್ಪದೆ ಲೋಕಸಭಾ ಸ್ಪೀಕರ್ ನೀಲಂ ಸಂಜೀವ ರೆಡ್ಡಿ ಅವರನ್ನ ಆರಿಸಿತು.

ಆಮೇಲಿನ ಹತ್ತು ದಿನ ಯಾವ ಥ್ರಿಲ್ಲರ್ ಸಿನಿಮಾಗೂ ಕಡಿಮೆ ಇಲ್ಲ. ಜುಲೈ 16ಕ್ಕೆ ಮೊರಾರ್ಜಿ ದೇಸಾಯಿ ಅವರಿಂದ ಹಣಕಾಸು ಖಾತೆ ವಾಪಸ್. 19ಕ್ಕೆ 14 ಬ್ಯಾಂಕುಗಳ ರಾಷ್ಟ್ರೀಕರಣ. ಗಿರಿ ರಾಜೀನಾಮೆ ಕೊಟ್ಟು ಪಕ್ಷೇತರರಾಗಿ ನಿಂತರು. ಸ್ವತಂತ್ರ ಪಕ್ಷ ಮತ್ತು ಜನಸಂಘ ಸೇರಿ ಸಿ.ಡಿ. ದೇಶಮುಖ್ ಅವರನ್ನ ನಿಲ್ಲಿಸಿದವು, ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಅವರೇ. ರೆಡ್ಡಿ ಅವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದು ಸ್ವತಃ ಇಂದಿರಾ ಗಾಂಧಿ. ಸಹಿ ಹಾಕಿ, ಆಮೇಲೆ ಅವರಿಗೇ ಮತ ಹಾಕಿ ಅಂತ ಹೇಳಲಿಲ್ಲ. ಆತ್ಮಸಾಕ್ಷಿಯಂತೆ ಮತ ಹಾಕಿ ಅನ್ನೋ ಮಾತು ಬಂತು.

ನಿಜಲಿಂಗಪ್ಪನವರು ಲೆಕ್ಕ ಬರದವರಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ಮತದಾರರು ಅಭ್ಯರ್ಥಿಗಳಿಗೆ 1, 2, 3 ಅಂತ ಪ್ರಾಶಸ್ತ್ಯ ಕೊಡಬೇಕು. ಮೊದಲ ಸುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿಗೂ ಬರದಿದ್ರೆ ಕೆಳಗಿನವರನ್ನ ತೆಗೆದು, ಅವರ ಮತಪತ್ರದಲ್ಲಿ 2 ಅಂತ ಯಾರಿಗಿದೆಯೋ ಅವರಿಗೆ ಸೇರಿಸ್ತಾರೆ. ಹಾಗಾಗಿ ನಿಜಲಿಂಗಪ್ಪ ಜನಸಂಘ, ಸ್ವತಂತ್ರ ಪಕ್ಷದ ನಾಯಕರ ಜೊತೆ ಮಾತಾಡಿ, ನಿಮ್ಮ ಎರಡನೇ ಪ್ರಾಶಸ್ತ್ಯ ರೆಡ್ಡಿಗೆ ಕೊಡಿಸಿ ಅಂತ ಕೇಳಿದರು. ಇದೇ ಮಾತುಕತೆಯನ್ನ ಹಿಡ್ಕೊಂಡು ಎದುರು ಬಣ, "ನೋಡಿ, ಬಲಪಂಥೀಯರ ಜೊತೆ ಕೈ ಜೋಡಿಸಿದ್ದಾರೆ" ಅಂತ ಗದ್ದಲ ಎಬ್ಬಿಸಿತು.

ಆಗಸ್ಟ್ 16ಕ್ಕೆ ಮತದಾನ, 20ಕ್ಕೆ ಎಣಿಕೆ. ಚಲಾವಣೆಯಾದ ಮತಗಳ ಬೆಲೆ 8,36,337. ಗೆಲ್ಲೋಕೆ ಬೇಕಾದ ಕೋಟಾ 4,18,169. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖ್‌ಗೆ 1,12,769. ಯಾರೂ ಕೋಟಾ ಮುಟ್ಟಲಿಲ್ಲ. ಕೆಳಗಿನವರನ್ನೆಲ್ಲ ತೆಗೆದು ಹಂಚಿದ ಮೇಲೆ ಗಿರಿ 4,20,077, ರೆಡ್ಡಿ 4,05,427.

ಈ ಸಂಖ್ಯೆಗಳನ್ನ ಎಲ್ಲರೂ 'ಗಿರಿ ಗೆದ್ದರು' ಅಂತ ಓದಿ ಮುಂದೆ ಹೋಗ್ತಾರೆ. ನಾವು ಒಂದು ಕಳೆಯೋ ಲೆಕ್ಕ ಮಾಡಿ ನೋಡಿದೆವು. ಹಂಚಿಕೆಯಲ್ಲಿ ಗಿರಿಗೆ ಸಿಕ್ಕಿದ್ದು 18,562. ರೆಡ್ಡಿಗೆ ಸಿಕ್ಕಿದ್ದು 91,879. ಅಂದ್ರೆ ಸುಮಾರು ಐದು ಪಟ್ಟು! ನಿಜಲಿಂಗಪ್ಪನವರ ಎರಡನೇ ಪ್ರಾಶಸ್ತ್ಯದ ಪ್ಲ್ಯಾನ್ ಸೋಲಲೇ ಇಲ್ಲ, ಅದ್ಭುತವಾಗಿ ಕೆಲಸ ಮಾಡಿತು. ಹೊರಗಿನವರು ಮಾತು ಉಳಿಸಿಕೊಂಡರು. ಕೈ ಕೊಟ್ಟಿದ್ದು ಮನೆಯವರು. ಯಾವ ಮತಗಳನ್ನ ಕೇಳೋದೇ ಬೇಡ, ಅವು ಹೇಗೂ ನಮ್ಮವೇ ಅಂತ ಇಟ್ಟುಕೊಂಡಿದ್ರೋ, ಆ ಕಾಂಗ್ರೆಸ್ ಮತಗಳೇ ಗಿರಿ ಕಡೆ ಹೋದವು. ಕೊನೆಯ ಅಂತರ 14,650. ಆಗ ಒಬ್ಬ ಎಂಪಿಯ ಮತಕ್ಕೆ 576 ಬೆಲೆ. ಹದಿಮೂರು ಎಂಪಿಗಳು ಆ ಕಡೆಯಿಂದ ಈ ಕಡೆ ಬಂದಿದ್ರೆ ಫಲಿತಾಂಶ ಉಲ್ಟಾ. ಅಷ್ಟು ಮಂದಿ ನಮ್ಮ ಒಂದು ಲ್ಯಾಬ್ ಬ್ಯಾಚಿನಲ್ಲೇ ಇರ್ತಾರೆ.

ಆ ವರ್ಷವೇ ನವೆಂಬರ್‌ನಲ್ಲಿ ಪಕ್ಷ ಇಂದಿರಾ ಗಾಂಧಿಯನ್ನ ಉಚ್ಚಾಟಿಸಿತು, ಕಾಂಗ್ರೆಸ್ ಎರಡಾಯ್ತು. ಸೋತ ಸಂಜೀವ ರೆಡ್ಡಿ ಏನಾದರು? 1977ರಲ್ಲಿ ಅದೇ ಹುದ್ದೆಗೆ ನಾಮಪತ್ರ ಹಾಕಿದ 37 ಜನರಲ್ಲಿ 36 ಜನರದ್ದು ತಿರಸ್ಕೃತವಾಗಿ ಅವಿರೋಧವಾಗಿ ರಾಷ್ಟ್ರಪತಿ ಆದರು. ಅವರು ಬರೋವರೆಗೆ ಆ ಕುರ್ಚಿಯಲ್ಲಿ ಹಂಗಾಮಿಯಾಗಿ ಕುಳಿತಿದ್ದವರು ಜಮಖಂಡಿ ಕಡೆಯ ನಮ್ಮ ಬಿ.ಡಿ. ಜತ್ತಿ. ಎಂಟು ವರ್ಷದ ಹಿಂದೆ 'ಗೆಲ್ಲದ ಅಭ್ಯರ್ಥಿ', ಈಗ ಎದುರಾಳಿಯೇ ಇಲ್ಲ. ಮನುಷ್ಯ ಅದೇ.

ಈ 'ಗೆಲ್ಲೋ ಅಭ್ಯರ್ಥಿ' ಅನ್ನೋ ಮಾತಿನ ಬಗ್ಗೆ ಕಲಬುರಗಿ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಲ್ಲಿಕಾರ್ಜುನ ಖರ್ಗೆ ಅವರನ್ನ ನಮ್ಮ ಕಡೆ 'ಸೋಲಿಲ್ಲದ ಸರದಾರ' ಅಂತಿದ್ದರು. 1972ರಿಂದ ವಿಧಾನಸಭೆಗೆ ಒಂಬತ್ತು ಸಲ, ಆಮೇಲೆ ಲೋಕಸಭೆಗೆ ಎರಡು ಸಲ. 2019ರಲ್ಲಿ ಅದೇ ಕಲಬುರಗಿಯಲ್ಲಿ ಉಮೇಶ್ ಜಾಧವ್ ಎದುರು 95,452 ಮತಗಳಿಂದ ಸೋತರು. ಇನ್ನು ಮುಗೀತು ಅಂದವರೇ ಜಾಸ್ತಿ. ಮೂರು ವರ್ಷಕ್ಕೆ, 2022ರ ಅಕ್ಟೋಬರ್ 17ರಂದು, ಕಾಂಗ್ರೆಸ್ ಅಧ್ಯಕ್ಷರ ಚುನಾವಣೆ. ಖರ್ಗೆಗೆ 7,897, ಶಶಿ ತರೂರ್‌ಗೆ 1,072. ಕಲಬುರಗಿಯ ಲಕ್ಷಾಂತರ ಮಂದಿ ಎದುರು ಸೋತವರು, ಪಕ್ಷದ ಒಂಬತ್ತು ಸಾವಿರ ಚಿಲ್ಲರೆ ಪ್ರತಿನಿಧಿಗಳ ಎದುರು ಗೆದ್ದರು. ಯಾರು ಗೆಲ್ತಾರೆ ಅನ್ನೋದು ಮನುಷ್ಯನ ಗುಣ ಅಲ್ಲ, ಯಾರು ಮತ ಹಾಕ್ತಾರೆ ಅನ್ನೋದರ ಮೇಲೆ ನಿಂತಿರೋದು. ಆ ಚುನಾವಣೆಯ ಒಂದು ಬೂತ್ ಬಳ್ಳಾರಿಯ ಸಂಗನಕಲ್ಲಿನಲ್ಲಿತ್ತು. ಭಾರತ್ ಜೋಡೋ ಯಾತ್ರೆಯಲ್ಲಿದ್ದ ರಾಹುಲ್ ಗಾಂಧಿ ಮತ ಹಾಕಿದ್ದು ಅಲ್ಲೇ. ನವಶಿಲಾಯುಗದ ಬೂದಿದಿಬ್ಬಗಳ ಊರಿಗೆ ಎಐಸಿಸಿ ಮತಪೆಟ್ಟಿಗೆಯೂ ಬಂದು ಹೋಯ್ತು.

ಅದೇ 2022ರ ಜುಲೈನಲ್ಲಿ ರಾಷ್ಟ್ರಪತಿ ಚುನಾವಣೆ. ಇಲ್ಲಿ ನಮಗೆ ಕುತೂಹಲ ಹುಟ್ಟಿಸಿದ್ದು ಫಲಿತಾಂಶ ಅಲ್ಲ, ಅದಕ್ಕೂ ಮುಂಚೆ ನಡೆದ ತೂಕದ ಆಟ. ಆಡಳಿತ ಒಕ್ಕೂಟಕ್ಕೆ ಅರ್ಧ ದಾಟೋಕೆ ಸ್ವಲ್ಪ ಕಡಿಮೆ ಇತ್ತು. ವಿರೋಧ ಪಕ್ಷಗಳು ಮೊದಲು ಶರದ್ ಪವಾರ್ ಅವರನ್ನ ಕೇಳಿದವು, ಬೇಡ ಅಂದರು. ಫಾರೂಕ್ ಅಬ್ದುಲ್ಲಾ ಬೇಡ ಅಂದರು. ಗೋಪಾಲಕೃಷ್ಣ ಗಾಂಧಿಯವರೂ ಬೇಡ ಅಂದರು. ಕೊನೆಗೆ ಯಶವಂತ್ ಸಿನ್ಹಾ ಒಪ್ಪಿದರು. ಆ ಕಡೆ ದ್ರೌಪದಿ ಮುರ್ಮು ಹೆಸರು ಬಂದ ತಕ್ಷಣ ಶೀಟಿನ ಕಾಲಂಗಳೇ ಕದಲಿದವು. ಒಡಿಶಾದ ಬಿಜೆಡಿ ಬಂತು, ಜಾರ್ಖಂಡಿನಲ್ಲಿ ಕಾಂಗ್ರೆಸ್ ಜೊತೆ ಸರ್ಕಾರ ಮಾಡ್ತಿದ್ದ ಜೆಎಂಎಂ ಬಂತು, ಮಹಾರಾಷ್ಟ್ರದಲ್ಲಿ ಉದ್ಧವ್ ಠಾಕ್ರೆ ಬಣ ಬಂತು, ನಮ್ಮಲ್ಲಿ ಜೆಡಿಎಸ್ ಬಂತು. ಮೊದಲ ಆದಿವಾಸಿ ಮಹಿಳೆ ರಾಷ್ಟ್ರಪತಿ ಆಗೋದನ್ನ ಬೇಡ ಅನ್ನೋದು ಹೇಗೆ? ಮುರ್ಮು 6,76,803, ಸಿನ್ಹಾ 3,80,177. ಅಂದ್ರೆ ಸಂಖ್ಯೆ ನೋಡಿ ಅಭ್ಯರ್ಥಿ ಹುಡುಕಿದವರು ಸೋತರು, ಅಭ್ಯರ್ಥಿಯಿಂದಲೇ ಸಂಖ್ಯೆ ಹುಟ್ಟಿಸಿದವರು ಗೆದ್ದರು. ಯಾವ ಪಕ್ಷದ ಅಭಿಮಾನಿಯಾಗಿದ್ರೂ ಇಷ್ಟನ್ನ ಒಪ್ಪಲೇಬೇಕು.

ಇಷ್ಟೆಲ್ಲ ಆಟದಲ್ಲಿ ನಮ್ಮ 131 ಎಲ್ಲಿತ್ತು? ಗೊತ್ತಿಲ್ಲ! ಇದೇ ನಮ್ಮ ತಕರಾರು.

2022ರಲ್ಲಿ ಆಳಂದದ ಶಾಸಕರು ಬಿಜೆಪಿಯ ಸುಭಾಷ್ ಗುತ್ತೇದಾರ್. ಅಫಜಲಪುರದಲ್ಲಿ ಕಾಂಗ್ರೆಸ್ಸಿನ ಎಂ.ವೈ. ಪಾಟೀಲ್, ಜೇವರ್ಗಿಯಲ್ಲಿ ಕಾಂಗ್ರೆಸ್ಸಿನ ಅಜಯ್ ಸಿಂಗ್. ಪಕ್ಷ ನೋಡಿ ಊಹೆ ಮಾಡಬಹುದು, ಅಷ್ಟೇ. ರಾಜ್ಯಸಭಾ ಚುನಾವಣೆಯಲ್ಲಿ ಶಾಸಕರು ಮತಪತ್ರವನ್ನ ತಮ್ಮ ಪಕ್ಷದ ಏಜೆಂಟಿಗೆ ತೋರಿಸಿ ಹಾಕಬೇಕು. ರಾಷ್ಟ್ರಪತಿ ಚುನಾವಣೆಯಲ್ಲಿ ಹಾಗಲ್ಲ, ಗುಪ್ತ ಮತದಾನ. ಪಕ್ಷ ವಿಪ್ ಕೊಡುವಂತಿಲ್ಲ. ವಿಧಾನಸೌಧದಲ್ಲಿ ಚುನಾವಣಾ ಆಯೋಗ ಕೊಡೋ ನೇರಳೆ ಶಾಯಿಯ ಪೆನ್ನಲ್ಲೇ ಗುರುತು ಹಾಕಬೇಕು, ಬೇರೆ ಪೆನ್ ಆದ್ರೆ ಮತ ಹಾಳು. ಅಂದ್ರೆ ಕಾನೂನು ಪ್ರಕಾರ ಆ ಕ್ಷಣದಲ್ಲಿ ಶಾಸಕರಿಗೆ ಮೇಲೆ ಹೈಕಮಾಂಡ್ ಇಲ್ಲ. ಕೆಳಗೆ ನಾವೂ ಇಲ್ಲ. ಪೂರ್ತಿ ಸ್ವತಂತ್ರ. ಐದು ವರ್ಷದಲ್ಲಿ ನಮ್ಮ ಶಾಸಕರಿಗೆ ಇಂಥ ಸ್ವಾತಂತ್ರ್ಯ ಇನ್ನೆಷ್ಟು ಸಲ ಸಿಗುತ್ತೆ?

ಆ 131 ಎಷ್ಟು ಸಣ್ಣ ಅಂತರದ ಮೇಲೆ ನಿಂತಿತ್ತು ನೋಡಿ. 2018ರಲ್ಲಿ ಆಳಂದದಲ್ಲಿ ಗುತ್ತೇದಾರ್ ಅವರು ಬಿ.ಆರ್. ಪಾಟೀಲ್ ಎದುರು ಗೆದ್ದಿದ್ದು 697 ಮತಗಳಿಂದ. ಮುನ್ನೂರೈವತ್ತು ಮಂದಿ ಆ ಕಡೆಯಿಂದ ಈ ಕಡೆ ಮನಸ್ಸು ಬದಲಿಸಿದ್ರೆ ಶಾಸಕರೂ ಬೇರೆ, 131 ಹೋಗೋ ದಾರಿಯೂ ಬಹುಶಃ ಬೇರೆ. ಮುಂದಿನ ಸಲ, 2023ರ ಚುನಾವಣೆಗೆ ಮೊದಲು, ಇದೇ ಆಳಂದದಲ್ಲಿ ಮತದಾರರ ಪಟ್ಟಿಯಿಂದ ಹೆಸರು ತೆಗೀರಿ ಅಂತ 6,018 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದಿದ್ದವು. ಪರಿಶೀಲಿಸಿದಾಗ 24 ಮಾತ್ರ ಸರಿ, ಉಳಿದ 5,994 ಸರಿಯಲ್ಲ ಅಂತ ಗೊತ್ತಾಗಿ ಹೆಸರುಗಳು ಪಟ್ಟಿಯಲ್ಲೇ ಉಳಿದವು, ಪೊಲೀಸ್ ಕೇಸೂ ಆಯ್ತು. 2025ರ ಸೆಪ್ಟೆಂಬರ್‌ನಲ್ಲಿ ರಾಹುಲ್ ಗಾಂಧಿ ಇದನ್ನ ದಿಲ್ಲಿಯ ಪತ್ರಿಕಾಗೋಷ್ಠಿಯಲ್ಲಿ ಹೇಳಿದ ಮೇಲೆ, "ನಿಮ್ಮ ಊರಿನ ಹೆಸರು ಟಿವಿಯಲ್ಲಿ ಬರ್ತಿದೆ" ಅಂತ ಬೇರೆ ಜಿಲ್ಲೆಯ ಗೆಳೆಯರು ನಮ್ಮನ್ನ ಕೇಳೋಕೆ ಶುರು ಮಾಡಿದರು. ಯಾರು ಮಾಡಿಸಿದರು ಅನ್ನೋದನ್ನ ತನಿಖೆ ಹೇಳಲಿ, ನಾವು ತೀರ್ಪು ಕೊಡೋಕೆ ಬಂದಿಲ್ಲ. ನಮಗೆ ಕಂಡಿದ್ದು ಎರಡು ಸಂಖ್ಯೆ: 697 ಮತ್ತು 5,994. ಇವೆರಡನ್ನ ಅಕ್ಕಪಕ್ಕ ಇಟ್ಟು ನೋಡಿದ್ರೆ, ದಿಲ್ಲಿಯ ರಾಷ್ಟ್ರಪತಿ ಭವನಕ್ಕೂ ಆಳಂದದ ಮತದಾರರ ಪಟ್ಟಿಗೂ ಇರೋ ದೂರ ಬಹಳ ಅಲ್ಲ ಅನ್ನಿಸುತ್ತೆ.

ಈಗ ನಮ್ಮೂರ ಕಡೆ ಬನ್ರಿ. ಗ್ರಾಮ ಪಂಚಾಯ್ತಿ ಅಧ್ಯಕ್ಷರನ್ನ ಊರಿನವರು ನೇರವಾಗಿ ಆರಿಸಲ್ಲ, ಮೆಂಬರ್‌ಗಳು ಸೇರಿ ಆರಿಸ್ತಾರೆ. ರಾಷ್ಟ್ರಪತಿ ಚುನಾವಣೆಯ ಪುಟ್ಟ ಮಾಡೆಲ್ ಅನ್ನಿ. ಅಧ್ಯಕ್ಷಗಿರಿ ಬಂತು ಅಂದ್ರೆ ಕಟ್ಟೆ ಮ್ಯಾಲೆ ಕುಂತ ಹಿರಿಯರು ಬೆರಳು ಮಡಚಿ ಲೆಕ್ಕ ಹಾಕ್ತಾರೆ. ಯಾವ ವಾರ್ಡಿನ ಮೆಂಬರ್ ಯಾರ ಕಡೆ, ಯಾರನ್ನ ಟೂರಿಗೆ ಕರ್ಕೊಂಡು ಹೋಗ್ಯಾರ, ಯಾರ ಫೋನ್ ಸ್ವಿಚ್ ಆಫ್ ಆಗ್ಯದ, ಎಲ್ಲಾ ಗೊತ್ತು. ಅಲ್ಲೂ ಮತದಾನ ಗುಪ್ತವೇ. ಆದ್ರೆ ಮುಗಿದ ಮೇಲೆ ಮೆಂಬರ್ ಊರಿಗೆ ಬಂದ್ರೆ ಹೋಟೆಲ್ ಮುಂದೆ ನಿಲ್ಲಿಸಿ, "ಯಾಕೋ ತಮ್ಮಾ, ನಮ್ಮ ಓಣಿ ಓಟು ತಗೊಂಡು ಆ ಕಡೆ ಯಾಕ ಹೋದಿ?" ಅಂತ ಕೇಳೋ ಕಾಕಾ ಒಬ್ಬರಾದ್ರೂ ಇರ್ತಾರೆ. ಮೆಂಬರ್ ಸುಳ್ಳೋ ನಿಜವೋ ಒಂದು ಉತ್ತರ ಕೊಡಲೇಬೇಕು, ನಾಳೆ ಅದೇ ಓಣಿಯಲ್ಲಿ ಓಡಾಡಬೇಕಲ್ಲ. 131ರ ಬಗ್ಗೆ ಹೀಗೆ ಯಾವ ಕಾಕಾನೂ ಯಾವ ಶಾಸಕರನ್ನೂ ನಿಲ್ಲಿಸಿ ಕೇಳಿದ್ದನ್ನ ನಾವಂತೂ ಕಂಡಿಲ್ಲ. ಡಿಗ್ರಿ ಓದೋ ನಾವೂ ಕೇಳಿಲ್ಲ. ರಸ್ತೆ ಕೇಳ್ತೀವಿ, ಬಸ್ ಕೇಳ್ತೀವಿ, ತೊಗರಿಗೆ ಬೆಂಬಲ ಬೆಲೆ ಕೇಳ್ತೀವಿ. ಅವೆಲ್ಲ ಕೇಳಲೇಬೇಕು. ಆ ಪಟ್ಟಿಗೆ ಇದೂ ಒಂದು ಸೇರಲಿ ಅಂತ ನಮ್ಮ ಮಾತು.

ಕ್ಲಬ್‌ನಲ್ಲಿ ಈ ವಿಷಯ ಎತ್ತಿದಾಗ ಎರಡು ಆಕ್ಷೇಪ ಬಂದವು. ಒಂದು, "ರಾಷ್ಟ್ರಪತಿ ಬರೀ ಸಹಿ ಹಾಕೋ ಹುದ್ದೆ, ಯಾರಾದ್ರೇನು?" 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿಯ ಘೋಷಣೆಗೆ ಬಿದ್ದಿದ್ದು ಬರೀ ಒಂದು ಸಹಿ, ಫಕ್ರುದ್ದೀನ್ ಅಲಿ ಅಹ್ಮದ್ ಅವರದ್ದು. ಇದಕ್ಕೆ ಇಷ್ಟು ಉತ್ತರ ಸಾಕು.

ಎರಡನೇದು ಗಟ್ಟಿ ಆಕ್ಷೇಪ. ಗುಪ್ತ ಮತದಾನ ಇಟ್ಟಿರೋದೇ ಶಾಸಕರು ಪಕ್ಷಕ್ಕೆ ಹೆದರದೆ ಮತ ಹಾಕಲಿ ಅಂತ. ಯಾರಿಗೆ ಹಾಕಿದ್ರಿ ಅಂತ ನಾವು ಪಟ್ಟು ಹಿಡಿದ್ರೆ, ನಾಳೆ ಹೈಕಮಾಂಡೂ ಪಟ್ಟು ಹಿಡಿಯುತ್ತೆ, 1969ರಂಥದ್ದು ಮತ್ತೆ ಆಗೋದೇ ಇಲ್ಲ. ಈ ಮಾತಲ್ಲಿ ತೂಕ ಇದೆ. ಹಾಗಂತ 1969ರ ಆತ್ಮಸಾಕ್ಷಿಯನ್ನ ತೀರ ಪವಿತ್ರ ಮಾಡೋದೂ ಬೇಡ. ಅದು ಪಕ್ಷದೊಳಗಿನ ಜಗಳದಲ್ಲಿ ಒಂದು ಬಣದ ಆಯುಧವೂ ಆಗಿತ್ತು. ಆದ್ರೂ ಮತಪತ್ರ ತೋರಿಸಿ ಅಂತ ನಾವು ಕೇಳ್ತಿಲ್ಲ. ಮತ ಹಾಕೋ ಮೊದಲು ಮಾತಾಡಿ ಅಂತ ಕೇಳ್ತಿದೀವಿ. ಅಭ್ಯರ್ಥಿಗಳಲ್ಲಿ ಏನು ನೋಡ್ತೀರಿ? ಮಸೂದೆ ತಂದಿಟ್ಟ ತಕ್ಷಣ ಸಹಿ ಹಾಕೋರು ಬೇಕಾ, ಒಮ್ಮೆ ವಾಪಸ್ ಕಳಿಸಿ ಪ್ರಶ್ನೆ ಕೇಳೋರು ಬೇಕಾ? ಪಕ್ಷ ಹೇಳಿದವರಿಗೆ ಹಾಕ್ತೀನಿ ಅಂದ್ರೆ ಅದನ್ನೇ ಹೇಳಿ, ಅದೂ ಒಂದು ಉತ್ತರ. ಗುಟ್ಟಾಗಿರಬೇಕಾದ್ದು ಗುರುತು, ಕಾರಣ ಅಲ್ಲ.

ಮುರ್ಮು ಅವರ ಅವಧಿ ಮುಗಿಯೋದು 2027ರ ಜುಲೈನಲ್ಲಿ. ನಮ್ಮ ವಿಧಾನಸಭೆಯ ಅವಧಿ 2028ರ ಮೇವರೆಗೆ. ಅಂದ್ರೆ 2023ರಲ್ಲಿ ಗೆದ್ದವರೇ ಆ ಮತ ಹಾಕೋರು: ಆಳಂದದಿಂದ ಬಿ.ಆರ್. ಪಾಟೀಲ್, ಅಫಜಲಪುರದಿಂದ ಎಂ.ವೈ. ಪಾಟೀಲ್, ಜೇವರ್ಗಿಯಿಂದ ಅಜಯ್ ಸಿಂಗ್. ನಮ್ಮ ಬ್ಯಾಚಿನ ಬಹಳ ಜನಕ್ಕೆ 2023ರಲ್ಲಿ ಹದಿನೆಂಟು ತುಂಬಿರಲಿಲ್ಲ, 2024ರ ಲೋಕಸಭೆಗೂ ತುಂಬಿರಲಿಲ್ಲ. ಅಂದ್ರೆ ಮುಂದಿನ ರಾಷ್ಟ್ರಪತಿಯನ್ನ ಆರಿಸೋ ಒಬ್ಬರನ್ನೂ ನಾವು ಆರಿಸಿಲ್ಲ. ನಮಗೆ ಉಳಿದಿರೋದು ಕೇಳೋದೊಂದೇ.

ಹಾಗಾಗಿ ಕ್ಲಬ್ ಕಡೆಯಿಂದ ಮೂರು ಪತ್ರ ಬರೀತಿದೀವಿ, ಮೂರೂ ಶಾಸಕರಿಗೆ, ಕನ್ನಡದಲ್ಲಿ, ಒಂದೊಂದು ಪುಟ. ಮೇಲಿನ ಪ್ರಶ್ನೆಗಳೇ ಅದರಲ್ಲಿವೆ, ಜೊತೆಗೆ ಒಂದು ವಿನಂತಿ: ಅಭ್ಯರ್ಥಿಗಳ ಹೆಸರು ಬಂದ ಮೇಲೆ, ಮತದಾನಕ್ಕೆ ಮುಂಚೆ, ತಾಲ್ಲೂಕು ಕೇಂದ್ರದಲ್ಲಿ ಒಂದು ಸಂಜೆ ಈ ಬಗ್ಗೆ ಮಾತಾಡಿ. ಬೇರೆ ತಾಲ್ಲೂಕಿನವರು ಪತ್ರದ ಫೈಲ್ ಬೇಕು ಅಂದ್ರೆ ತಗೊಳ್ಳಿ, ಶಾಸಕರ ಹೆಸರು ಮಾತ್ರ ಬದಲಾಯಿಸಬೇಕು. 131 ಹಾಗೇ ಇರಲಿ, ಅದು ಕರ್ನಾಟಕದಲ್ಲಿ ಎಲ್ಲರಿಗೂ ಒಂದೇ. ಬೀದರ್, ಕಲಬುರಗಿ ಎಂಪಿಗಳ ಪತ್ರಕ್ಕೆ ಮತದ ಬೆಲೆ ಇನ್ನೂ ಖಾಲಿ ಬಿಟ್ಟಿದೀವಿ. ಜಮ್ಮು-ಕಾಶ್ಮೀರಕ್ಕೆ ಮತ್ತೆ ವಿಧಾನಸಭೆ ಬಂದಿದೆ, ಈ ಸಲ 700 ಇರದೇ ಹೋಗಬಹುದು. ಲೆಕ್ಕ ಹಾಕಿ ಮೊದಲು ಕಳಿಸಿದವರ ಹೆಸರು ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ.